ಸುಗರಾ ಭಾಬಿಯ ನೂಲು, ಹಣಮಪ್ಪನವರ ಗಾಲಿ

ಅಮೀನಗಡದಲ್ಲಿ ಬಸ್ಸು ನಿಂತರೆ ಜನ ಮೊದಲು ನೋಡುವುದು ನಮ್ಮ ಕರದಂಟಿನ ಅಂಗಡಿಗಳನ್ನು. ನೋಡಲಿ, ಅದರಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ. ಆದರೆ ನನ್ನ ಅಂಗಡಿಗೆ ಎದುರಾಗಿ, ರಸ್ತೆಯ ಆಚೆ ಬದಿಗೆ, ತಗಡಿನ ಛಾವಣಿಯ ಒಂದು ಟೈರ್ ಅಂಗಡಿ ಇದೆ. ಅದನ್ನು ನೋಡಿದವರೂ 'ಗಾಳಿ ಹಾಕುವ ಅಂಗಡಿ' ಎಂದು ಹೇಳಿ ಮುಂದೆ ಹೋಗುತ್ತಾರೆ. ಹಾಗೆ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನಿಮಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಲಿ. ಗಾಳಿ ಯಾರು ಬೇಕಾದರೂ ಹಾಕಬಹುದು. ಸುಗರಾ ಭಾಬಿ ಮಾಡುವ ಕೆಲಸವನ್ನು ಇಲ್ಲಿಂದ ಬಾಗಲಕೋಟೆಯವರೆಗೆ ಇನ್ನೊಬ್ಬರು ಮಾಡಿದ್ದನ್ನು ನಾನು ಕಂಡಿಲ್ಲ.

ಸುಗರಾ ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಮದುವೆಯಾಗುವವರೆಗೂ ಮಗ್ಗದ ಮೇಲೆ ಕೂತವಳು. ಗಂಡ ಜಹಾಂಗೀರ ನನ್ನ ಬಾಲ್ಯದ ಗೆಳೆಯ; ಅದಕ್ಕೇ ಆಕೆ ನನಗೆ ಭಾಬಿ, ನಾನು ಆಕೆಗೆ ಪ್ರಭಣ್ಣ. ಜಹಾಂಗೀರ ಇಪ್ಪತ್ತು ವರ್ಷ ಲಾರಿ ಟೈರ್ ಎತ್ತಿ ಎತ್ತಿ, ಒಂಬತ್ತು ವರ್ಷದ ಹಿಂದೆ ಸೊಂಟ ಹಿಡಿದುಕೊಂಡು ಕೂತ. ಇನ್ನು ಮುಂದೆ ನೀರಿನ ಕೊಡವನ್ನೂ ಎತ್ತಬಾರದು ಎಂದರು ಡಾಕ್ಟರು. ಅಂಗಡಿ ಮುಚ್ಚುವುದೆಂದು ಅವನು ಮುಖ ಇಳಿಬಿಟ್ಟುಕೊಂಡಿದ್ದಾಗ ಸುಗರಾ ಸೆರಗು ಸಿಕ್ಕಿಸಿಕೊಂಡು ಜ್ಯಾಕ್ ಹಿಡಿದಳು. ಲಾರಿ ಟೈರಿನ ಕೆಲಸ ಬಿಟ್ಟಳು, ಕಾರಿನದನ್ನು ಹಿಡಿದಳು. ಈಗ ಜಹಾಂಗೀರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ 'ಎಲ್ಲಾ ನಾನs ಕಲಿಸಿದ್ದು' ಎನ್ನುತ್ತಾನೆ. ಅರ್ಧ ಸುಳ್ಳು.

ಸುಳ್ಳಾದ ಅರ್ಧ ಯಾವುದೆಂದರೆ ನೂಲು. ಅದು ಸುಗರಾ ಇಳಕಲ್ಲಿನಿಂದ ತಂದ ವಿದ್ಯೆ. ಆಕೆಯ ಅಂಗಡಿಯ ಹಿಂದಿನ ಗೋಡೆಯಲ್ಲಿ ಸಾಲಾಗಿ ಮೊಳೆಗಳಿವೆ. ಒಂದೊಂದು ಮೊಳೆಗೂ ಒಂದೊಂದು ಕೆಂಪು ನೂಲು. ಒಂದೊಂದು ಜಾತಿಯ ಕಾರಿಗೆ ಒಂದೊಂದು. ಕಂಪನಿಯವರು ಹೇಳಿದ ಅಳತೆಯ ಹೊಸ ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ನೆಲದ ಮೇಲೆ ಒಂದೇ ಒಂದು ಸುತ್ತು ಉರುಳಿಸುತ್ತಾಳೆ. ಗೆರೆ ಹೊರಟ ಜಾಗದಿಂದ ಮತ್ತೆ ನೆಲ ಮುಟ್ಟಿದ ಜಾಗದವರೆಗೆ ನೂಲು ಹಿಡಿದು ಗಂಟು ಹಾಕುತ್ತಾಳೆ. ಆ ಗಂಟೇ ಆ ಕಾರಿನ ಜಾತಕ. ಆಮೇಲೆ ಯಾರಾದರೂ ಕಂಪನಿಯ ಗಾಲಿ ಬಿಚ್ಚಿಸಿ ದೊಡ್ಡ ಅಲಾಯ್ ಗಾಲಿ ಹಾಕಿಸಲು ಬಂದರೆ, ಹೊಸ ಟೈರನ್ನೂ ಹಾಗೆಯೇ ಉರುಳಿಸುತ್ತಾಳೆ. ಗಂಟಿನ ಆಚೆಗೂ ಈಚೆಗೂ ಮೂರು ಬೆರಳು ಸಡಿಲ ಕೊಡುತ್ತಾಳೆ. ನಾಲ್ಕನೆಯ ಬೆರಳಿಗೆ ಹೋಯಿತೋ, ಮುಗಿಯಿತು. ದೇಶದ ಪ್ರಧಾನಿ ಬಂದು ಹೇಳಿದರೂ ಹಾಕುವುದಿಲ್ಲ.

ಈಗ ನನ್ನ ಪಾಪದ ಕಥೆಗೆ ಬರುತ್ತೇನೆ.

ಗುಡೂರಿನ ಹಣಮಪ್ಪ ಕುರಿ ವ್ಯಾಪಾರಿ. ಬೀರಪ್ಪನ ಭಕ್ತರು, ಹಣೆಯ ಭಂಡಾರ ಒಂದು ದಿನವೂ ತಪ್ಪಿಸಿದವರಲ್ಲ. ಕೆರೂರ ಸಂತೆಗೆ ಮೊದಲು ಟೆಂಪೋದಲ್ಲಿ ಹೋಗುತ್ತಿದ್ದವರು, ಅರವತ್ತು ತುಂಬಿದ ಮೇಲೆ ಹಟ ಹಿಡಿದು ಕಾರು ಕಲಿತು, ಒಂದು ಬಿಳಿ ಸ್ವಿಫ್ಟ್ ಕೊಂಡರು. ಬೇಕಾದದ್ದು ತಮಗಲ್ಲ, ಹೆಂಡತಿ ರಂಗವ್ವನಿಗೆ. ಆಕೆಯ ಬಲಮೊಣಕಾಲು ಸವೆದು ಹೋಗಿತ್ತು. ಆದರೆ ಅವರ ಮನೆಗೆ ಹೋಗುವ ಓಣಿಯ ನಟ್ಟನಡುವೆ ಒಂದು ಕಲ್ಲಿದೆ. ಬೀರಪ್ಪನ ಪಲ್ಲಕ್ಕಿ ಬಂದಾಗ ಅದರ ಮೇಲೆ ಇಳಿಸುತ್ತಾರೆ. ಭಂಡಾರ ಬಿದ್ದು ಬಿದ್ದು ಅರಿಶಿನದ ಗಡ್ಡೆಯ ಹಾಗೆ ಹಳದಿಯಾಗಿದೆ. ಅದನ್ನು ಕೀಳುವ ಮಾತು ಹಾಗಿರಲಿ, ಅದರ ಮೇಲೆ ಕಾಲಿಡುವ ಮಾತೂ ಇಲ್ಲ. ಎರಡೂ ಕಡೆ ಮನೆಗಳ ಗೋಡೆ. ಪಕ್ಕಕ್ಕೆ ಸರಿಸಿ ಹೋಗಲು ಜಾಗವಿಲ್ಲ. ಕಾರು ಆ ಕಲ್ಲನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡೇ ದಾಟಬೇಕು. ದಾಟುವಾಗ 'ಕರ್‍ರ್' ಎಂದು ಹೊಟ್ಟೆ ಕೆರೆಯುತ್ತಿತ್ತು. ಹಾಗಾಗಿ ಕಲ್ಲಿನ ಹತ್ತಿರ ಬಂದ ಕೂಡಲೇ ರಂಗವ್ವ ಬಾಗಿಲು ತೆರೆದು ಇಳಿದುಬಿಡುತ್ತಿದ್ದರು. ಅಲ್ಲಿಂದ ಎಂಬತ್ತು ಹೆಜ್ಜೆ, ಏರು ಹಾದಿ, ಕುಂಟುತ್ತ.

ಈ ಬೇಸಿಗೆಯಲ್ಲಿ ಬಾಗಲಕೋಟೆಯ ಆಸ್ಪತ್ರೆಯಲ್ಲಿ ರಂಗವ್ವನ ಮೊಣಕಾಲಿನ ಆಪರೇಶನ್ ಆಯಿತು. ಒಳಗೆ ಕರೆದೊಯ್ಯುವ ಮುಂಚೆ ಹಣಮಪ್ಪ ಹೆಂಡತಿಯ ಕೈ ಹಿಡಿದು ಮಾತು ಕೊಟ್ಟರಂತೆ: "ಈ ಸರ್ತಿ ನಿನ್ನ ಬಾಗಲ ತನಕ ಕಾರಿನಾಗ ಒಯ್ತೇನಿ. ಕಲ್ಲಿನ ಹಂತ್ಯಾಕ ಇಳಸಂಗಿಲ್ಲ." ಆರು ವಾರ ಏರು ತಗ್ಗಿನ ಹಾದಿಯಲ್ಲಿ ನಡೆಸಬೇಡಿ ಎಂದು ಡಾಕ್ಟರೂ ಹೇಳಿದರು. ಶುಕ್ರವಾರ ಮನೆಗೆ ಬಿಡುವುದೆಂದು ಗೊತ್ತಾಯಿತು.

ಆ ಶುಕ್ರವಾರಕ್ಕೆ ಹತ್ತು ದಿನ ಮೊದಲು ಹಣಮಪ್ಪ ನನ್ನ ಅಂಗಡಿಗೆ ಬಂದಿದ್ದರು, ಆಸ್ಪತ್ರೆಯ ದಾದಿಯರಿಗೆ ಕೊಡಲು ಕರದಂಟು ಕೊಳ್ಳುವುದಕ್ಕೆ. ಕಲ್ಲಿನ ಚಿಂತೆ ಹೇಳಿಕೊಂಡರು. ನಾನು ಬೆಲ್ಲದ ಪಾಕಕ್ಕೆ ಅಂಟು ಹಾಕುತ್ತ, ಹಿಂದಿನ ರಾತ್ರಿ ಫೋನಿನಲ್ಲಿ ನೋಡಿದ ಒಂದು ವಿಡಿಯೋ ನೆನಪಾಗಿ, ದೊಡ್ಡ ಪಂಡಿತನ ಹಾಗೆ ಹೇಳಿಬಿಟ್ಟೆ: "ದೊಡ್ಡ ಗಾಲಿ ಹಾಕಸ್ರಿ ಅಣ್ಣಾರ. ಹದಿನಾಕಿಂದು ತಗದು ಹದಿನಾರಿಂದು. ಗಾಡಿ ತಾನಾಗೇ ಎತ್ತರ ಆಗತೈತಿ." ಅವರು ಎಷ್ಟು ಖುಷಿಪಟ್ಟರೆಂದರೆ, ಮರುದಿನವೇ ಹುಬ್ಬಳ್ಳಿಗೆ ಹೋಗಿ ಹದಿನಾರು ಇಂಚಿನ ನಾಲ್ಕು ಅಲಾಯ್ ಗಾಲಿ ತಂದರು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಟೈರ್ ಇರಲಿಲ್ಲ, ಬರೀ ಗಾಲಿ.

ಸೋಮವಾರ ಬೆಳಿಗ್ಗೆ ಅವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಸುಗರಾಳ ಅಂಗಡಿಗೆ ಬಂದರು. ನಾನೂ ರಸ್ತೆ ದಾಟಿ ಹೋದೆ. ನನ್ನ ಐಡಿಯಾ ಅಲ್ಲವೇ, ಹೊಗಳಿಕೆ ಬಂದರೆ ಪಾಲು ಬೇಡವೇ?

"ತಂಗೆವ್ವಾ, ಇವಕ್ಕ ಛಲೋ ದಪ್ಪನ್ನ ಟಾಯರ್ ಹಾಕು. ಎತ್ತರ ಇರಬೇಕ ನೋಡು," ಎಂದರು ಹಣಮಪ್ಪ.

ಸುಗರಾ ಚಾಲಕನ ಬಾಗಿಲು ತೆರೆದು, ಅದರ ಚೌಕಟ್ಟಿಗೆ ಅಂಟಿಸಿದ ಚೀಟಿ ಓದಿದಳು. ನೂರಾ ಅರವತ್ತೈದು, ಎಂಬತ್ತು, ಹದಿನಾಲ್ಕು. ಆಕೆ ಶಾಲೆಗೆ ಹೋದದ್ದು ನಾಲ್ಕೇ ವರ್ಷ, ಆದರೆ ಈ ಮೂರು ಅಂಕಿಗಳನ್ನು ಆಕೆ ಬಿಡಿಸಿ ಹೇಳಿದರೆ ಕತ್ತೆಗೂ ಅರ್ಥವಾಗುತ್ತದೆ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಕೊನೆಯದು ಒಳಗಿನ ಗಾಲಿ ಎಷ್ಟು ಇಂಚು ಎಂದು. ನಡುವಿನದು ಕಳ್ಳ ಅಂಕಿ: ಅಗಲದ ನೂರರಲ್ಲಿ ಎಷ್ಟು ಪಾಲು ಟೈರಿನ ಪಕ್ಕದ ಗೋಡೆ ಎತ್ತರವಿದೆ ಎಂದು ಹೇಳುತ್ತದೆ. ಎಲ್ಲರೂ ಎಡವುವುದು ಅಲ್ಲಿಯೇ.

"ಅಣ್ಣಾರ, ಒಳಗಿನ ಗಾಲಿ ದೊಡ್ಡದಾದ್ರ ಟಾಯರ್ ತೆಳ್ಳಗ ಆಗಬೇಕ್ರಿ. ಇದಕ್ಕ ಕೂಡೂದು ನೂರಾ ತೊಂಬತ್ತೈದು, ಐವತ್ತೈದು, ಹದಿನಾರು. ಹೊರಗಿನ ಸುತ್ತಳತಿ ಮೊದಲಿನಷ್ಟs ಇರತೈತಿ."

"ಹಂಗಾರ ಗಾಡಿ?"

"ಗಾಡಿ ಎಷ್ಟ್ ಎತ್ತರ ಇತ್ತೋ ಅಷ್ಟs."

ಹಣಮಪ್ಪ ನನ್ನ ಮುಖ ನೋಡಿದರು. ನಾನು ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಬೋರ್ಡು ಓದಿದೆ.

"ಸೀರಿ ನೇಯೂವಾಗ ಮಗ್ಗದ ಅಗಲ ಬದಲಾಗಂಗಿಲ್ಲರಿ," ಎಂದಳು ಸುಗರಾ. "ದೊಡ್ಡ ದಡಿ ಬೇಕಂದ್ರ ಒಡಲು ಸಣ್ಣದು ಮಾಡಬೇಕು. ಎರಡೂ ದೊಡ್ಡದು ಬೇಕಂದ್ರ ಮಗ್ಗದಾಗ ಹಿಡಿಯಂಗಿಲ್ಲ. ನಿಮ್ಮ ಗಾಡಿ ಗಾಲಿ ಮ್ಯಾಲಿನ ಕಮಾನೂ ಮಗ್ಗ ಇದ್ದಂಗ."

"ಎರಡ ನೂರಾ ಐದು, ಅರವತ್ತು ಅಂತ ಬರತಾವಂತಲ್ಲ? ಅವನ್ನ ಹಾಕು. ಪ್ರಭು ವಿಡಿಯೋದಾಗ ನೋಡ್ಯಾನ."

ಸುಗರಾ ನನ್ನತ್ತ ಒಂದು ನೋಟ ಬಿಟ್ಟಳು. ಆ ನೋಟ ನನ್ನ ಹೆಂಡತಿಯ ನೋಟಕ್ಕಿಂತ ಬಿಸಿಯಾಗಿತ್ತು. ಆ ಅಳತೆಯ ಹಳೆಯ ಟೈರೊಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತಂದು, ಸ್ವಿಫ್ಟಿನ ನೂಲು ಮೊಳೆಯಿಂದ ಇಳಿಸಿ, ನಮ್ಮ ಕಣ್ಣೆದುರಿಗೆ ಒಂದು ಸುತ್ತು ಉರುಳಿಸಿದಳು. ಗಂಟಿನಿಂದ ಆಚೆಗೆ ಒಂದು, ಎರಡು, ಮೂರು, ನಾಲ್ಕು, ಐದು ಬೆರಳು. "ಇದು ಸವದದ್ದು. ಹೊಸಾದಿದ್ರ ಇನ್ನೂ ಸ್ವಲ್ಪ ಹೆಚ್ಚ. ಸ್ಟೇರಿಂಗ್ ಪೂರ್ತಿ ತಿರುವಿದ್ರ ತಿಕ್ಕತೈತಿ. ಹಿಂದ ಮೂರು ಮಂದಿ ಕುಂತ್ರ ಅಲ್ಲೂ ತಿಕ್ಕತೈತಿ. ಮೀಟರಿನ್ಯಾಗ ಅರವತ್ತು ತೋರಿಸಿದ್ರ ಗಾಡಿ ಅರವತ್ಮೂರ ಓಡತಿರತೈತಿ. ನಾ ಹಾಕಂಗಿಲ್ಲರಿ."

"ಹಾಕಂಗಿಲ್ಲ?"

"ಹಾಕಂಗಿಲ್ಲ."

ಹಣಮಪ್ಪ ಸಿಟ್ಟಿನಿಂದ ಕಾರು ಹತ್ತಿದರು. ಹೊರಡುವಾಗ ಕಿಟಕಿಯಿಂದ, "ನನ್ನ ಹೇಣ್ತಿ ನಡ್ಕೊಂತ ಮನಿಗಿ ಬರಬೇಕೇನು?" ಎಂದರು. ಸುಗರಾ ನೂಲು ಸುತ್ತಿ ಮತ್ತೆ ಮೊಳೆಗೆ ಹಾಕಿದಳು. ಅವರು ಬೇರೆ ಊರಿನ ಯಾವುದೋ ಅಂಗಡಿಯಲ್ಲಿ ತಮಗೆ ಬೇಕಾದ ಟೈರನ್ನೇ ಹಾಕಿಸಿಕೊಂಡರೆಂದು ಸಂಜೆ ಸುದ್ದಿ ಬಂತು. ಜಹಾಂಗೀರ ಕುರ್ಚಿಯಲ್ಲಿ ಕೂತು, ಬಂದ ಗಿರಾಕಿ ಕೈತಪ್ಪಿತೆಂದು ಒಂದು ತಾಸು ಗೊಣಗಿದ. ಆಕೆ ಅವನ ಕೈಗೆ ಚಹಾ ಕೊಟ್ಟು ಬಾಯಿ ಮುಚ್ಚಿಸಿದಳು.

ಬುಧವಾರ ಮಧ್ಯಾಹ್ನ ಹಣಮಪ್ಪ ಮತ್ತೆ ಬಂದರು. ಕಾರಿಗಿಂತ ಮೊದಲು ಸುಟ್ಟ ರಬ್ಬರಿನ ವಾಸನೆ ಬಂತು. ಶುಕ್ರವಾರಕ್ಕೆ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ಅಣ್ಣತಮ್ಮಂದಿರ ಪೈಕಿ ಮೂವರನ್ನು ಹಿಂದೆ ಕೂರಿಸಿಕೊಂಡು ಬಾಗಲಕೋಟೆಗೆ ಹೋಗಿ ಬಂದಿದ್ದರು. ತಿರುವಿದಲ್ಲೆಲ್ಲ ಮುಂದಿನ ಟೈರು ತಿಕ್ಕಿತ್ತು. ತಗ್ಗು ಬಂದಲ್ಲೆಲ್ಲ ಹಿಂದಿನವು ಕಮಾನಿಗೆ ಬಡಿದಿದ್ದವು. ಒಂದು ಟೈರಿನ ಭುಜ ಹೆರೆದ ಸೌತೆಕಾಯಿಯ ಹಾಗಾಗಿತ್ತು. ಇಷ್ಟೆಲ್ಲ ಆಗಿ, ಮನೆಗೆ ಹೋಗುವಾಗ ಕಲ್ಲು? ಅದೂ ಕೆರೆಯಿತು.

ಹಣಮಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತರು. "ನಾಡದು ಬಿಡ್ತಾರ ತಂಗೆವ್ವಾ. ಏನ ಮಾಡ್ಲಿ ಹೇಳು," ಎಂದರು. ನಾಲ್ಕು ನೂರು ಕುರಿ ಮಾರುವ ಮನುಷ್ಯ ಹಾಗೆ ಕೂತದ್ದು ನನ್ನ ವಿಡಿಯೋದಿಂದ. ನನ್ನ ನಾಲಿಗೆಗೆ ಬೀಗ ಹಾಕಬೇಕಿತ್ತು.

ಸುಗರಾ ಕೇಳಿದ್ದು ಒಂದೇ. "ಅಣ್ಣಾರ, ಕಲ್ಲು ಎಷ್ಟ್ ಎತ್ತರ ಐತಿ?"

ಹಣಮಪ್ಪನವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹುಬ್ಬಳ್ಳಿಯವರೆಗೂ ಹೋಗಿ ಗಾಲಿ ತಂದವರು, ವಿಡಿಯೋ ನೋಡಿ ಉಪದೇಶ ಕೊಟ್ಟವರು, ಇಬ್ಬರೂ ಕಲ್ಲನ್ನು ಅಳೆದಿರಲಿಲ್ಲ. ಕೈಮುಗಿಯುವ ಕಲ್ಲನ್ನು ಯಾರಾದರೂ ಅಳೆಯುತ್ತಾರೆಯೇ?

ಅವತ್ತೇ ಆಕೆ ಮೊದಲು ಆ ಟೈರುಗಳನ್ನು ಬಿಚ್ಚಿ, ಡಿಕ್ಕಿಯಲ್ಲಿದ್ದ ಹಳೆಯ ಹದಿನಾಲ್ಕರ ಗಾಲಿಗಳನ್ನೇ ಕಾರಿಗೆ ಹಾಕಿದಳು. ಗುರುವಾರ ಬೆಳಿಗ್ಗೆ ನಾವು ಮೂವರೂ ಗುಡೂರಿಗೆ ಹೋದೆವು. ಓಣಿಯಲ್ಲಿ ಕಾರು ನಿಲ್ಲಿಸಿ, ಸುಗರಾ ನನ್ನನ್ನೂ ದಾರಿಯಲ್ಲಿ ನಿಂತಿದ್ದ ಇಬ್ಬರನ್ನೂ ಹಿಂದಿನ ಸೀಟಿಗೆ ಹತ್ತಿಸಿದಳು. "ಖಾಲಿ ಗಾಡಿ ಸುಳ್ಳ ಹೇಳತೈತಿ. ಮಂದಿ ಕುಂತಾಗ ಎಷ್ಟ್ ಕೆಳಗ ಇಳಿತೈತಿ ಅನ್ನೂದು ಖರೆ," ಎಂದಳು. ಆಮೇಲೆ ನೆಲಕ್ಕೆ ಚಾಪೆ ಹಾಸಿ, ಮಲಗಿ, ಕಾರಿನ ಹೊಟ್ಟೆಯಿಂದ ನೆಲಕ್ಕೆ ನೂಲು ಬಿಟ್ಟಳು. ಏಳು ಬೆರಳು.

ನಂತರ ಕಲ್ಲಿನ ಹತ್ತಿರ ಹೋದಳು. ಅಲ್ಲಿ ನಿಂತುಬಿಟ್ಟಳು. ತನ್ನ ನೂಲನ್ನು ಹಣಮಪ್ಪನವರ ಕೈಗೆ ಕೊಟ್ಟು, "ನೀವs ಹಿಡೀರಿ ಅಣ್ಣಾರ, ಅದು ನಿಮ್ಮ ದೇವರ ಕಲ್ಲು," ಎಂದಳು. ಹಣಮಪ್ಪ ಚಪ್ಪಲಿ ಬಿಟ್ಟು, ಕೈಮುಗಿದು, ಕಲ್ಲಿನ ನೆತ್ತಿಯ ಮಟ್ಟಕ್ಕೆ ನೂಲು ಹಿಡಿದರು. ಆಕೆ ಇನ್ನೊಂದು ತುದಿಯನ್ನು ಗಾಲಿ ಓಡುವ ಜಾಡಿಗೆ ತಂದು, ಮಟ್ಟ ನೋಡಿ, ನೆಲದಿಂದ ನೂಲಿನವರೆಗೆ ಬೆರಳಿಟ್ಟು ಎಣಿಸಿದಳು. ಒಂಬತ್ತು ಬೆರಳು.

"ಎರಡು ಬೆರಳು ಕಡಿಮಿ ಬೀಳತೈತಿ," ಎಂದಳು. "ನೀವು ಹಾಕಿಸಿದ ದೊಡ್ಡ ಟಾಯರ್ ಎತ್ತರ ಮಾಡಿದ್ದು ಒಂದು ಬೆರಳೂ ಅಲ್ಲ. ಸುತ್ತಳತ್ಯಾಗ ಐದು ಬೆರಳು ಹಿಗ್ಗಿದ್ರ ಎತ್ತರದಾಗ ಎರಡೂ ತುಂಬಂಗಿಲ್ಲ. ಅದರಾಗ ಅರ್ಧ ಮ್ಯಾಲಿನ ಕಮಾನಿಗಿ ಹೋತು, ಅರ್ಧ ಅಷ್ಟs ಗಾಡಿಗಿ ಸಿಕ್ಕಿತು. ಎಂಥಾ ಟಾಯರ್ ತಂದ್ರೂ ಈ ಕಲ್ಲು ದಾಟಂಗಿಲ್ಲ."

ಹಣಮಪ್ಪ ನೂಲು ಹಿಡಿದುಕೊಂಡೇ ನಿಂತಿದ್ದರು. ಓಣಿಯ ಇಬ್ಬರು ಮುದುಕರು, ಕಲ್ಲು ಕೀಳುವ ಮಾತು ಬಂದೀತೆಂದು, ಹುಬ್ಬು ಗಂಟಿಕ್ಕಿ ಹತ್ತಿರ ಬಂದರು. ಸುಗರಾ ಅವರತ್ತ ನೋಡಲೂ ಇಲ್ಲ. ಸೀಮೆಸುಣ್ಣ ತೆಗೆದು, ಕಲ್ಲಿನ ಎಡಕ್ಕೂ ಬಲಕ್ಕೂ, ಗಾಲಿ ಓಡುವ ಜಾಡಿನ ಗುಂಟ ಎರಡು ಉದ್ದನೆಯ ಗೆರೆ ಎಳೆದಳು.

"ಗಾಲಿ ಎತ್ತರ ಮಾಡೂದು ಬಿಡ್ರಿ. ಜಾಡು ಎತ್ತರ ಮಾಡ್ರಿ. ಈ ಎರಡು ಗೆರಿ ಮ್ಯಾಲ ನಾಕು ಬೆರಳು ಗರಸು ಹಾಕಿ, ನೀರು ಹೊಡದು, ಬಡದು ಧಮ್ಮಸ್ ಮಾಡಿ, ಮ್ಯಾಲ ಫರಸಿ ಹಾಸ್ರಿ. ಎರಡೂ ತುದಿಗಿ ಇಳಿಜಾರ ಕೊಡ್ರಿ. ಕಲ್ಲು ಇದ್ದಲ್ಲೇ ಇರಲಿ."

ಮುದುಕರ ಹುಬ್ಬು ಸಡಿಲಾಯಿತು. ಅವರಲ್ಲೊಬ್ಬರು, "ಪಲ್ಲಕ್ಕಿ ಹೊತ್ತವರಿಗೂ ಛಲೋ ಆತು ಬಿಡು, ಹೆಜ್ಜಿ ಇಡಾಕ," ಎಂದುಬಿಟ್ಟರು. ಹನ್ನೊಂದು ಗಂಟೆಗೆ ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣೂ ಫರಸಿಯ ಹಾಸುಗಲ್ಲುಗಳೂ ಬಂದವು. ನಾನೂ ಬುಟ್ಟಿ ಹೊತ್ತೆ. ಅದು ನನ್ನ ದಂಡ. ಕರದಂಟು ಕಟ್ಟುವ ಕೈಗೆ ಸಂಜೆಯಷ್ಟರಲ್ಲಿ ಬೊಬ್ಬೆ ಬಂದವು. ಹೆಂಡತಿ ನೋಡಿ ನಕ್ಕಳೇ ಹೊರತು ಎಣ್ಣೆ ಹಚ್ಚಲಿಲ್ಲ.

ಹೊಳೆಯುವ ಗಾಲಿಗಳ ಗತಿ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಸುಗರಾ ಅವಕ್ಕೆ ಸರಿಯಾದ ಟೈರ್ ತರಿಸಿದ್ದಳು. ಭಾರ ಹೊರುವ ನಂಬರು ಕಂಪನಿಯದಕ್ಕಿಂತ ಕಡಿಮೆ ಇಲ್ಲವೆಂದು ನೋಡಿ, ಉರುಳಿಸಿ ತೋರಿಸಿದ್ದಳು. ಗಂಟಿನಿಂದ ಕಾಲು ಬೆರಳೂ ಸರಿದಿರಲಿಲ್ಲ. ಶುಕ್ರವಾರಕ್ಕೇ ಹಾಕಬಹುದಿತ್ತು. ಆದರೆ ಆಕೆ ಒಂದು ಮಾತು ಹೇಳಿದಳು: "ಟಾಯರಿನ ಗ್ವಾಡಿ ಒಂದು ಬೆರಳು ತೆಳ್ಳಗ ಆಗತೈತಿ ಅಣ್ಣಾರ. ತಗ್ಗಿಗಿ ಬಿದ್ದಾಗ ಕುಂತವರಿಗಿ ಗೊತ್ತಾಗತೈತಿ. ಮೊಣಕಾಲು ಹಸಿ ಐತಿ." ಹಣಮಪ್ಪ ಹೊಳೆಯುವ ಗಾಲಿಗಳನ್ನು ಒಮ್ಮೆ ನೋಡಿ, ಗೋಣಿಚೀಲ ಮುಚ್ಚಿ ಪಡಸಾಲೆಯಲ್ಲಿ ಇಟ್ಟರು. ಎರಡು ತಿಂಗಳಾದ ಮೇಲೆ ಚೀಲ ಎತ್ತಿ ನೋಡಿದ ರಂಗವ್ವನೇ, "ಅಯ್ಯ, ಇಷ್ಟ್ ಚಂದ ಅದಾವು, ಮುಚ್ಚಿ ಯಾಕ ಇಟ್ಟೀರಿ?" ಎಂದು ಬೈದು ಹಾಕಿಸಿದರು.

ಶುಕ್ರವಾರ ನಾಲ್ಕು ಗಂಟೆಗೆ ಸುಗರಾ ಅಂಗಡಿಯನ್ನು ಜಹಾಂಗೀರನಿಗೆ ಒಪ್ಪಿಸಿ, ಗುಡೂರಿನ ಬಸ್ಸು ಹತ್ತಿದಳು. ಅಳತೆ ಸರಿಯಾಯಿತೋ ಇಲ್ಲವೋ ಕಣ್ಣಿಂದ ನೋಡಬೇಕು ಎಂದಳು. ನಾನೂ ಒಂದು ಕಿಲೋ ಕರದಂಟು ಕಟ್ಟಿಸಿಕೊಂಡು ಹೋದೆ. ಕಲ್ಲಿನಿಂದ ಮನೆಯ ಕಡೆಗೆ ಹತ್ತು ಹೆಜ್ಜೆ ದೂರದಲ್ಲಿ, ಗೋಡೆಗೆ ಒತ್ತಿ ನಿಂತೆವು. ಓಣಿಯ ಕಟ್ಟೆಗಳ ಮೇಲೆಲ್ಲ ಜನ.

ಕಾರು ಬಂತು. ಹಣಮಪ್ಪನವರ ಎರಡೂ ಕೈ ಸ್ಟೇರಿಂಗಿನ ಮೇಲೆ, ಹಣೆಯ ಭಂಡಾರ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಪಕ್ಕದಲ್ಲಿ ಸೀಟು ಪೂರ್ತಿ ಹಿಂದಕ್ಕೆ ಸರಿಸಿ, ಕಾಲು ಚಾಚಿ ರಂಗವ್ವ. ಕಲ್ಲು ಹತ್ತಿರ ಬಂದ ಕೂಡಲೇ ರಂಗವ್ವನ ಕೈ ತಾನಾಗಿಯೇ ಬಾಗಿಲಿನ ಹಿಡಿಕೆಗೆ ಹೋದದ್ದು ನಮಗೆ ಕಾಣಿಸಿತು. ಗಾಲಿಗಳು ಫರಸಿ ಹತ್ತಿದವು. ಸುಗರಾ ಬಗ್ಗಿ ಕಾರಿನ ಹೊಟ್ಟೆಯನ್ನೇ ನೋಡಿದಳು. ನಾನಂತೂ ಕಣ್ಣು ಮುಚ್ಚಿ ಕಿವಿಗೊಟ್ಟೆ.

ಏನೂ ಕೇಳಲಿಲ್ಲ. ಕಾರು ಆಚೆ ಇಳಿಯಿತು. ನಮ್ಮ ಎದುರಿಗೆ ಬಂದು ನಿಂತಿತು.

"ಕೈ ತಗಿ, ದಾಟಿದ್ವಿ," ಎಂದರು ಹಣಮಪ್ಪ. ಕಿಟಕಿ ತೆರೆದಿತ್ತು, ನಮಗೆಲ್ಲ ಕೇಳಿಸಿತು.

ರಂಗವ್ವ ತಿರುಗಿ ಹಿಂದಿನ ಗಾಜಿನಿಂದ ಕಲ್ಲನ್ನು ನೋಡಿದರು. "ಸಪ್ಪಳ ಬರಲಿಲ್ಲಲ್ರಿ?"

"ಬರಲಿಲ್ಲ. ಇನ್ನ ಮ್ಯಾಲ ನೀ ಇಳಿಯೂದ ಬ್ಯಾಡ. ಗಾಡಿ ಹಗರ ಆಗಲೆಂತ ನೀ ಆ ಕಾಲು ಎಳಕೊಂತ ಹೋಗೂದು ನಂಗ ನೋಡಾಕ ಆಗ್ತಿರಲಿಲ್ಲ."

"ಗಾಡಿ ಹಗರ ಆಗಲೆಂತ ಯಾರ ಇಳಿತಿದ್ರು?" ಎಂದರು ರಂಗವ್ವ. "ನಾ ಇಳಿದ್ರೂ ಅದು ಕೆರೀತಿತ್ತು, ನಂಗ ಕೇಳಸ್ತಿತ್ತಲ್ಲ. ಅದು ಕರ್ ಅಂದಾಗೊಮ್ಮಿ ನಿಮ್ಮ ಮುಖಾ ಹೆಂಗ ಆಗ್ತಿತ್ತು ಗೊತ್ತೈತೇನು? ನಿಮ್ಮ ಹೊಟ್ಟೀನs ಕೆರದಂಗ. ಅದನ್ನ ಬಾಜೂಕ ಕುಂತು ನೋಡಾಕ ನನ್ನ ಕಡಿಂದ ಆಗ್ತಿರಲಿಲ್ಲ. ಅದಕ್ಕ ಇಳಿತಿದ್ದೆ."

ಹಣಮಪ್ಪ ಮೂಗಿನ ಮೇಲಿನ ಭಂಡಾರವನ್ನು ತೋಳಿನಿಂದ ಒರೆಸಿಕೊಂಡರು. ಒರೆಸಿಕೊಂಡದ್ದು ಭಂಡಾರವನ್ನಷ್ಟೇ ಅಲ್ಲ ಎಂದು ನನಗೆ ಗೊತ್ತು. ನನ್ನ ಪಕ್ಕದಲ್ಲಿ ಸುಗರಾ ಸೆರಗಿನ ತುದಿ ಬಾಯಿಗೆ ಹಿಡಿದಿದ್ದಳು.

"ಏನ್ರಿ," ಎಂದರು ರಂಗವ್ವ, "ಇನ್ನೊಮ್ಮಿ ದಾಟೂಣೇನು? ಈ ಸರ್ತಿ ನಿಮ್ಮ ಮುಖಾ ನೋಡ್ತೇನಿ."

ಮನೆ ಇನ್ನು ಎಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಹಣಮಪ್ಪ ಗೇರು ಬದಲಿಸಿ, ನಮಗೆ ಗೋಡೆಗೆ ಸರಿಯಿರಿ ಎಂದು ಕೈ ಮಾಡಿ, ಕಾರನ್ನು ಹಿಂದಕ್ಕೆ ಬಿಟ್ಟರು.